ಟೀಸ್ ಮಾಡುವುದೆಂದರೇನು?

ಮೊನ್ನೆ ಮೊಮ್ಮಗಳು ಅಡುಗೆಮನೆಗೆ ಓಡಿ ಬಂದು ನನ್ನ ಸೆರಗು ಹಿಡಿದು ದೂರು ಕೊಟ್ಟಳು: "ಅಜ್ಜಿ, ಇವನು ನನ್ನನ್ನು ಟೀಸ್ ಮಾಡ್ತಾನೆ!" ಹಿಂದೆಯೇ ಬಂದ ಅವಳ ಅಣ್ಣ, "ನಾನು ಎಂತದೂ ಮಾಡ್ಲಿಲ್ಲ ಅಜ್ಜಿ, ಅವಳ ಹಲ್ಲು ಬಿದ್ದದ್ದನ್ನು ಹೇಳಿದ್ದು ಅಷ್ಟೇ" ಎಂದ. ಇಬ್ಬರೂ ನನ್ನ ತೀರ್ಪಿಗಾಗಿ ಕಾದು ನಿಂತರು. ನಾನಾದರೋ ಕೈಯಲ್ಲಿದ್ದ ಸೌಟನ್ನು ಹಾಗೇ ಹಿಡಿದುಕೊಂಡು ಆ ಟೀಸ್ ಎಂಬ ಶಬ್ದದ ಹಿಂದೆ ಹೋಗಿಬಿಟ್ಟಿದ್ದೆ. ಮಕ್ಕಳು ಕಾದು ಬೇಸತ್ತು ತಾವೇ ರಾಜಿಯಾಗಿ ಆಟಕ್ಕೆ ಹೋದರು. ಒಲೆಯ ಮೇಲಿನ ಸಾಂಬಾರು ಮಾತ್ರ ತಳ ಹಿಡಿಯಿತು.

ಇದು ನನ್ನ ಹಳೆಯ ರೋಗ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾದವಳು ನಾನು. ಒಂದು ಶಬ್ದ ಸಿಕ್ಕಿದರೆ ಬೆಕ್ಕಿಗೆ ನೂಲಿನ ಉಂಡೆ ಸಿಕ್ಕಿದ ಹಾಗೆ. ಉರುಳಿಸಿ ಉರುಳಿಸಿ ಕೊನೆಗೆ ನಾನೇ ಅದರೊಳಗೆ ಸಿಕ್ಕಿಬೀಳುವುದು. ಮನೆಯವರು ಇದಕ್ಕೆ "ಟೀಚರಿಗೆ ಪೀರಿಯಡ್ ಶುರುವಾಯಿತು" ಎನ್ನುತ್ತಾರೆ. ಈಗ ನೀವು ಸಿಕ್ಕಿದ್ದೀರಿ. ಗಂಟೆ ಹೊಡೆಯುವವರೆಗೆ ಏಳುವ ಹಾಗಿಲ್ಲ.

ಒಬ್ಬರು ಇನ್ನೊಬ್ಬರಿಗೆ ಕಿರಿಕಿರಿ ಮಾಡುವುದಕ್ಕೆ ನಮ್ಮ ಪುತ್ತೂರು, ಸುಳ್ಯ, ಕಡಬದ ಕಡೆ ಶಬ್ದಗಳ ಬರಗಾಲವೇನೂ ಇಲ್ಲ. ಎಲ್ಲಕ್ಕಿಂತ ಮೊದಲು ಬರುವುದು ಉಪದ್ರ. ಸೊಳ್ಳೆಯದ್ದು ಉಪದ್ರ, ನೆರೆಮನೆಯ ದನದ್ದು ಉಪದ್ರ, ಕುಡಿದು ಬಂದು ಜಗಲಿಯಲ್ಲಿ ಮಲಗುವ ನೆಂಟನದ್ದೂ ಉಪದ್ರವೇ. ಮಳೆ ಬಂದದ್ದೂ ಅಲ್ಲ, ಬಿಟ್ಟದ್ದೂ ಅಲ್ಲ ಎಂಬಂತೆ ಹನಿಯುತ್ತಿದ್ದರೆ ಪಿರಿಪಿರಿ. ಹೇಳಿದ್ದನ್ನೇ ಹೇಳುವ ಹೆಂಗಸಿನದ್ದೂ ಪಿರಿಪಿರಿ. (ಗಂಡಸು ಹೇಳಿದರೆ ಅದಕ್ಕೆ ಉಪದೇಶ ಎಂದು ಹೆಸರು.) ಇವೆಲ್ಲದರಿಂದ ನಮಗೆ ಆಗುವಂಥದ್ದು ಮಂಡೆಬೆಚ್ಚ, ಅಂದರೆ ತಲೆಬಿಸಿ. ಜಾಲ್ಸೂರಿನಿಂದ ಆಚೆ ಹೋದರೆ ಮಲಯಾಳದ ಗಾಳಿ ಬೀಸಿ ಉಪದ್ರ ಹೋಗಿ ಶಲ್ಯವಾಗುತ್ತದೆ. ನನ್ನ ಜೊತೆ ಓದುತ್ತಿದ್ದ ಸುಳ್ಯದ ಕಡೆಯ ಒಬ್ಬಳು ಅರೆಭಾಷೆಯಲ್ಲಿ ಬೈಯುತ್ತಿದ್ದಳು. ಅವಳು ಬೈದರೆ ಮುದ್ದು ಮಾಡಿದ ಹಾಗೆ ಕೇಳುತ್ತಿತ್ತಾದ್ದರಿಂದ ನಾವು ಬೇಕೆಂದೇ ಅವಳನ್ನು ಕೆಣಕುತ್ತಿದ್ದೆವು.

ಆದರೆ ಇಷ್ಟರಲ್ಲಿ ಯಾವುದೂ ಟೀಸ್ ಅಲ್ಲ. ಕೀಟಲೆ ಎನ್ನಬಹುದು, ಕುಶಾಲು ಎನ್ನಬಹುದು, ಹತ್ತಿರ ಬರುತ್ತದೆ, ಆದರೂ ಪೂರ್ತಿ ಕೂರುವುದಿಲ್ಲ. ನಾನು ಹೈಸ್ಕೂಲಿನಲ್ಲಿ ಓದುತ್ತಿದ್ದಾಗ ಈ ಒಂದು ಕ್ರಿಯಾಪದದ ಅರ್ಥ ಹುಡುಕಿಕೊಂಡು ಬಸ್ಸು ಹತ್ತಿ ಕಡಬದವರೆಗೆ ಹೋಗಿದ್ದೆ ಎಂದರೆ ನೀವು ನಂಬಬೇಕು.

ಐವತ್ತರ ದಶಕ ಮುಗಿದು ಅರುವತ್ತು ಹಿಡಿಯುತ್ತಿದ್ದ ಕಾಲ. ನಯಾಪೈಸೆ ಬಂದಿದ್ದರೂ ಅಮ್ಮ ಇನ್ನೂ ಆಣೆಯಲ್ಲೇ ಮಾತಾಡುತ್ತಿದ್ದಳು. ಪುತ್ತೂರಿನ ಪೇಟೆಯಲ್ಲಿ ಅಪ್ಪನದ್ದೊಂದು ಟೈಲರ್ ಅಂಗಡಿ. ಅಂಗಡಿಯ ಹಿಂದೆಯೇ ಮನೆ. ನಮ್ಮ ಮನೆಯಲ್ಲಿ ಹೊಲಿಗೆ ಮಿಶಿನಿನ ಸದ್ದು ನಿಂತರೆ ಯಾರಿಗೋ ಹುಷಾರಿಲ್ಲವೆಂದೇ ಅರ್ಥ. ಅಣ್ಣ ಶೀನ ಅಪ್ಪನ ಪಕ್ಕದ ಮಿಶಿನಿನಲ್ಲಿ ಕೂರುತ್ತಿದ್ದ. ಅಮ್ಮ ಮತ್ತು ಸರಸಕ್ಕ ಅಂಗಿಗಳಿಗೆ ಗುಬ್ಬಿ, ಅಂದರೆ ಗುಂಡಿ, ಹೊಲಿಯುತ್ತಿದ್ದರು. ನನಗೆ ನೂಲು ಪೋಣಿಸುವ ಕೆಲಸ. ಹೊಲಿಯಲು ಕೊಟ್ಟರೆ ಗುಬ್ಬಿ ಒಂದು ಕಡೆ, ಅದರ ತೂತು ಇನ್ನೊಂದು ಕಡೆ ಆಗುತ್ತಿದ್ದುದರಿಂದ, "ಇವಳು ಓದಲಿ, ಅದರಿಂದ ಗಿರಾಕಿಗಳಿಗೆ ಉಪಕಾರ ಉಂಟು" ಎಂದು ಅಪ್ಪ ನನ್ನನ್ನು ಹೈಸ್ಕೂಲಿಗೆ ಕಳಿಸಿದರು. ನನ್ನ ವಿದ್ಯಾಭ್ಯಾಸದ ಮೂಲಕಾರಣ ಇಷ್ಟೇ.

ಟೀಸ್ ಮಾಡುವ ವಿಷಯದಲ್ಲಿ ನಮ್ಮ ಕಡೆ ಒಂದು ಕಾನೂನೇ ಇತ್ತು, ಎಲ್ಲೂ ಬರೆದಿಡದ ಕಾನೂನು. ಮಾವ ಅಳಿಯನನ್ನು ತಮಾಷೆ ಮಾಡುವ ಹಾಗಿಲ್ಲ, ಅಳಿಯ ಮಾವನನ್ನು ಕೇಳುವುದೇ ಬೇಡ. ಅಜ್ಜ ಮೊಮ್ಮಕ್ಕಳನ್ನು ಮಾಡಬಹುದು. ಅತ್ತಿಗೆ ನಾದಿನಿಯರು ಒಬ್ಬರನ್ನೊಬ್ಬರು ಮಾಡಬಹುದು, ಅಡುಗೆಯ ವಿಷಯ ಒಂದು ಬಿಟ್ಟು. ಆದರೆ ಭಾವ ಭಾವಂದಿರು ಮಾತ್ರ ಮಾಡಲೇಬೇಕು. ಅಕ್ಕತಂಗಿಯರ ಗಂಡನಿರಲಿ, ಹೆಂಡತಿಯ ಅಣ್ಣನಿರಲಿ, ಭಾವನೆಂದ ಮೇಲೆ ಅವನನ್ನು ಸುಮ್ಮನೆ ಬಿಟ್ಟರೆ ಅದು ಅವಮಾನ.

ಅಮ್ಮನ ಅಣ್ಣ ಈಶ್ವರಮಂಗಲದಿಂದ ಪ್ರತಿ ಸೋಮವಾರ ವೀಳ್ಯದೆಲೆಯ ಕಟ್ಟು ಹೊತ್ತುಕೊಂಡು ಪುತ್ತೂರಿನ ಸಂತೆಗೆ ಬರುತ್ತಿದ್ದರು. ಎಲೆ ಮಾರಿ ಆದ ಕೂಡಲೇ ನಮ್ಮಲ್ಲಿಗೆ. ಹೊಸ್ತಿಲಿಗೆ ಕಾಲಿಡುವ ಮೊದಲೇ ಅಪ್ಪನಿಗೆ ಕೇಳುವ ಹಾಗೆ, "ಎಂತ ಭಾವ, ಇನ್ನೂ ಉಂಟಾ? ನಾನು ನಿಮ್ಮ ಬೊಜ್ಜದ ಊಟಕ್ಕೆ ಅಂತ ಬಂದದ್ದು" ಎನ್ನುವರು. ಬೊಜ್ಜವೆಂದರೆ ಸತ್ತವರ ಉತ್ತರಕ್ರಿಯೆ. ಅಪ್ಪ ಮಿಶಿನಿನಿಂದ ತಲೆ ಎತ್ತದೆ, "ನಿಮಗೆ ಬಡಿಸ್ಲಿಕ್ಕೆ ಜನ ಸಾಕಾಗುದಿಲ್ಲ ಅಂತ ಯಮ ವಾಪಾಸು ಕಳಿಸಿದ" ಎನ್ನುವರು. ಒಳಗೆ ಅಮ್ಮ ನಗುತ್ತ ಕಾಫಿಗೆ ನೀರಿಡುವಳು. ಒಂದು ಸೋಮವಾರ ಸೋದರಮಾವ ಏನೂ ಹೇಳದೆ ಬಂದು ಬೆಂಚಿನಲ್ಲಿ ಕೂತುಬಿಟ್ಟಾಗ ಅಮ್ಮ ಕೈಯ ಕೆಲಸ ಬಿಟ್ಟು ಓಡಿ ಬಂದು, "ಅಣ್ಣ, ಎಂತ ಆಯ್ತು?" ಎಂದು ಹಣೆ ಮುಟ್ಟಿ ನೋಡಿದಳು. ನಿಜವಾಗಿಯೂ ಜ್ವರವಿತ್ತು.

ಅಜ್ಜ ತೀರಿಹೋದ ದಿನವೂ ನೆನಪಿದೆ. ನಾನು ಸಣ್ಣವಳು. ಅಜ್ಜನ ಭಾವ, ಅಜ್ಜಿಯ ತಮ್ಮ, ಮುದುಕ, ಕೋಲೂರಿಕೊಂಡು ನಡೆದೇ ಬಂದಿದ್ದರು. ಹೆಣದ ಕಾಲಬುಡದಲ್ಲಿ ನಿಂತು ತುಂಬ ಹೊತ್ತು ನೋಡಿದರು. ಆಮೇಲೆ, "ಪಂಕ್ತಿಯಲ್ಲಿ ಯಾವಾಗಲೂ ನನ್ನನ್ನು ನೂಕಿ ಮೊದಲು ಕೂರುವವ. ಇದಕ್ಕೂ ನೂಕಿಕೊಂಡು ಮೊದಲು ಹೋದೆಯಾ ಭಾವ?" ಎಂದರು. ಯಾರೂ ನಗಲಿಲ್ಲ, ಯಾರೂ ಬೈಯಲೂ ಇಲ್ಲ. ಅಲ್ಲಿಯವರೆಗೆ ಕಲ್ಲಿನ ಹಾಗೆ ಕೂತಿದ್ದ ಅಜ್ಜಿ ಆಗ ಅತ್ತಳು.

ಇಂಥ ಮನೆಗೆ ಮಹಾಬಲ ಭಾವ ಅಳಿಯನಾಗಿ ಬಂದರು. ಸರಸಕ್ಕನ ಮದುವೆ ಬೇಸಿಗೆಯಲ್ಲಿ ಆಯಿತು. ಭಾವ ಕಡಬದ ಸರಕಾರಿ ಆಸ್ಪತ್ರೆಯಲ್ಲಿ ಕಂಪೌಂಡರ್. ತೆಳ್ಳಗಿನ ಆಳು, ನೇರ ಬೈತಲೆ, ಮಾತು ಔಷಧಿ ಅಳೆದ ಹಾಗೆ. ಸಣ್ಣದರಲ್ಲೇ ಅಪ್ಪ ಅಮ್ಮನನ್ನು ಕಳೆದುಕೊಂಡು ಜಾಲ್ಸೂರಿನ ಹತ್ತಿರ ದೊಡ್ಡಪ್ಪನ ಮನೆಯಲ್ಲಿ ಬೆಳೆದವರು. ಸಂಬಂಧ ತಂದವರು ಇದನ್ನೇ ದೊಡ್ಡ ಗುಣವಾಗಿ ಹೇಳಿದ್ದರು: "ಅತ್ತೆ ಇಲ್ಲ, ನಾದಿನಿ ಇಲ್ಲ, ಹುಡುಗಿಗೆ ಸುಖ." ಸುಖವಾಗಿಯೂ ಇದ್ದಳು. ಮದುವೆಯಾಗಿ ಹೋದ ಮೇಲೆ ಒಮ್ಮೆ ಬಂದಿದ್ದಾಗ ನಾನು, "ಭಾವ ಹೇಗೆ ಅಕ್ಕ?" ಎಂದು ಕೇಳಿದರೆ, "ಮಾತಾಡುದಿಲ್ಲ. ಆದರೆ ನಾನು ಮಾತಾಡುದನ್ನು ನಿಲ್ಲಿಸಿದರೆ ತಲೆ ಎತ್ತಿ ನೋಡ್ತಾರೆ" ಎಂದಿದ್ದಳು. ನನಗೆ ಆಗ ಅದು ಉತ್ತರವೆಂದೇ ಅನಿಸಿರಲಿಲ್ಲ.

ಮೊದಲ ದೀಪಾವಳಿಗೆ ಅಳಿಯ ಮಗಳನ್ನು ಕರೆಸಿದೆವು. ಹೊಸ ಅಳಿಯನಿಗೆ ಎಣ್ಣೆಸ್ನಾನ, ಹೊಸ ಅಂಗಿ, ಹಬ್ಬದೂಟ. ಮತ್ತೆ ಭಾವಂದಿರ ಕುಶಾಲು. ಅಣ್ಣನಿಗೆ ಸಿಕ್ಕಿದ ಮೊದಲ ಭಾವ ಇವರು. ನವರಾತ್ರಿಯಿಂದಲೇ ಏನೇನು ಮಾಡಬೇಕೆಂದು ಯೋಚಿಸಿ ಒಬ್ಬನೇ ನಗುತ್ತಿದ್ದ. ಭಾವ ಕಾಫಿಗೆ ಕೂರುವ ಚಾಪೆಯ ಅಡಿಯಲ್ಲಿ ಕಾಯಿಸಿದ ಹಲಸಿನ ಹಪ್ಪಳ ಇಟ್ಟ. ಭಾವ ಕೂತರು, ಹಪ್ಪಳ ಚರಚರ ಎಂದಿತು, ಎಲ್ಲರೂ ನಕ್ಕರು. ಹೊಸ ಅಳಿಯಂದಿರು ಇಂಥಲ್ಲಿ ಹಾರಿ ಏಳಬೇಕು, ಕೋಪ ಬಂದ ಹಾಗೆ ಮಾಡಬೇಕು, ಆಮೇಲೆ ಅದೇ ಹಪ್ಪಳದ ಚೂರನ್ನು ತಂದು ಭಾವಮೈದುನನ ಅಂಗಿಯೊಳಗೆ ಹಾಕಬೇಕು. ನಮ್ಮ ಭಾವ ಮೆಲ್ಲನೆ ಎದ್ದು ಚಾಪೆ ಎತ್ತಿ ನೋಡಿ, "ಗೊತ್ತಾಗ್ಲಿಲ್ಲ" ಎಂದು ಹೇಳಿ ಚೂರುಗಳನ್ನು ಹೆಕ್ಕತೊಡಗಿದರು. ಅಮ್ಮ ಓಡಿ ಬಂದು, "ಬಿಡಿ ಬಿಡಿ, ನಾನು ಗುಡಿಸ್ತೇನೆ" ಎಂದಳು. ಅಣ್ಣನ ಮುಖ ಸಪ್ಪಗಾಯಿತು.

ಅವನ ದೊಡ್ಡ ಅಸ್ತ್ರ ಇನ್ನೂ ಬಾಕಿಯಿತ್ತು. ಅಳಿಯನಿಗೆಂದು ಅಪ್ಪ ಬಿಳಿ ಪಾಪ್ಲಿನ್ನಿನ ತುಂಬುತೋಳಿನ ಅಂಗಿ ಕತ್ತರಿಸಿ ಕೊಟ್ಟಿದ್ದರು. ಹೊಲಿದವನು ಅಣ್ಣ. ಹೊಲಿದು, ಇಸ್ತ್ರಿ ಹಾಕಿ, ಕೊನೆಗೆ ಎರಡೂ ತೋಳುಗಳ ತುದಿಯನ್ನು ಒಳಗಿನಿಂದ, ಹೊರಗೆ ಒಂದು ಎಳೆಯೂ ಕಾಣದ ಹಾಗೆ ಸೂಜಿಯಲ್ಲಿ ಮುಚ್ಚಿಬಿಟ್ಟಿದ್ದ. ಪೇಟೆಯ ಬೇರೆ ಯಾವ ಟೈಲರನಿಗೂ ಆಗದ ಕೆಲಸ ಅದು. ಅಪ್ಪನಿಗೂ ಗೊತ್ತಿತ್ತು, ಗೊತ್ತಿಲ್ಲದವರ ಹಾಗೆ ಹರಿವಾಣದಲ್ಲಿ ಅಂಗಿ, ವೀಳ್ಯ ಇಟ್ಟು ಅಳಿಯನ ಕೈಗೆ ಕೊಟ್ಟರು. ಭಾವ ಅಪ್ಪನ ಕಾಲಿಗೆ ಬಿದ್ದು, ಅಂಗಿ ಬಿಡಿಸಿ, ತೋಳಿಗೆ ಕೈ ಹಾಕಿದರು. ಕೈ ಹೊರಗೆ ಬರಲಿಲ್ಲ. ಇನ್ನೊಂದನ್ನೂ ಹಾಕಿದರು. ಅದೂ ಬರಲಿಲ್ಲ.

ಅಣ್ಣ ಚಪ್ಪಾಳೆ ತಟ್ಟಿ ನಕ್ಕ. ಸೋದರಮಾವ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನಂತೂ ನಗುತ್ತ ಕಂಬ ಹಿಡಿದುಕೊಂಡೆ. ನೋಡಲು ನಿಜಕ್ಕೂ ನಗು ಬರುವ ಹಾಗೇ ಇತ್ತು. ಭಾವ ಆ ಮುಚ್ಚಿದ ತೋಳುಗಳನ್ನು ಇಳಿಬಿಟ್ಟುಕೊಂಡು ನಮ್ಮೆಲ್ಲರ ಮುಖವನ್ನು ಒಂದೊಂದಾಗಿ ನೋಡಿದರು. ಮತ್ತೆ ಅಂಗಿ ತೆಗೆದು, ತೋಳು ಹಿಂದಕ್ಕೆ ಮಾಡಿ, ಇಸ್ತ್ರಿಯ ಗೆರೆ ತಪ್ಪದ ಹಾಗೆ ಮಡಚಿ, ಹರಿವಾಣದಲ್ಲಿಟ್ಟು ಅದನ್ನು ಅಪ್ಪನ ಕಡೆಗೆ ಸರಿಸಿದರು. ತಮ್ಮ ಹಳೆಯ ಅಂಗಿ ಹಾಕಿಕೊಂಡರು. ಮುಖದಲ್ಲಿ ಸಿಟ್ಟಿರಲಿಲ್ಲ. ಊಟಕ್ಕೆ ಕೂತು ಬಡಿಸಿದ್ದನ್ನೆಲ್ಲ ಉಂಡರು. ಮಾರನೆಯ ದಿನದವರೆಗೆ ಇರಬೇಕಾದವರು, "ಡ್ಯೂಟಿ ಉಂಟು, ಹೋಗ್ತೇನೆ" ಎಂದು ಮಧ್ಯಾಹ್ನದ ಬಸ್ಸಿಗೇ ಹೊರಟುಬಿಟ್ಟರು.

ಸರಸಕ್ಕ ನಾಲ್ಕು ದಿನ ತವರಿನಲ್ಲಿರುವುದೆಂದು ಮೊದಲೇ ಮಾತಾಗಿತ್ತು. ಆಮೇಲೆ ಗಂಡ ಬಂದು ಕರೆದುಕೊಂಡು ಹೋಗುವುದು ಕ್ರಮ. ಯಾವತ್ತು ಬರುತ್ತೇನೆಂದು ಭಾವ ಹೇಳಿರಲಿಲ್ಲ.

"ಇದೆಂತ ಜನ ಮಾರಾಯ್ರೆ, ಒಂದು ನಗೆ ಇಲ್ಲ, ಒಂದು ಬೈಗಳ ಇಲ್ಲ!" ಎಂದು ಅಣ್ಣ ರೇಗಿದ. "ಬೈದಿದ್ದರೂ ಆಗ್ತಿತ್ತು."

"ನೀನು ಹೆಚ್ಚು ಮಾಡಿದೆ" ಎಂದಳು ಅಮ್ಮ.

"ಎಂತ ಹೆಚ್ಚು? ಭಾವನಿಗೆ ಮಾಡದೆ ಮತ್ತೆ ಯಾರಿಗೆ ಮಾಡುದು? ಸುಮ್ಮನೆ ಅಂಗಿ ಕೊಟ್ಟು ಕಳಿಸ್ಲಿಕ್ಕೆ ಅವರು ಗಿರಾಕಿಯಾ?"

ಅಣ್ಣನ ಮಾತೂ ಸರಿಯೇ. ಅದೇ ನನ್ನ ತಲೆಗೆ ಹುಳ ಬಿಟ್ಟದ್ದು.

ದಿನಗಳು ಹೋದವು. ಭಾವ ಬರಲಿಲ್ಲ. ಕಡಬದ ಬಸ್ಸು ಹಾರ್ನ್ ಹೊಡೆದಾಗೆಲ್ಲ ಸರಸಕ್ಕ ಹೊಲಿಯುತ್ತಿದ್ದ ಗುಬ್ಬಿಯನ್ನು ಹಾಗೇ ಬಿಟ್ಟು ಬಾಗಿಲ ಸಂದಿಯಿಂದ ನೋಡುವಳು. ಪೇಟೆಯ ಮನೆ ನೋಡಿ, ಕಣ್ಣುಗಳು ಜಾಸ್ತಿ. ಬಾವಿಕಟ್ಟೆಯಲ್ಲಿ, "ಅಳಿಯ ಇನ್ನೂ ಬರ್ಲಿಲ್ವಾ?" ಎಂದು ಕೇಳುವವರು ಹೆಚ್ಚಿದಂತೆ ಅಕ್ಕ ನೀರಿಗೆ ಹೋಗುವುದನ್ನೇ ಬಿಟ್ಟಳು. ಒಂದು ದಿನ, "ಅವರು ಬಾರದಿದ್ದರೆ ನಾನೇ ಹೋಗ್ತೇನೆ" ಎಂದು ಚೀಲ ತುಂಬಿಸಿದಳು. ಅಮ್ಮ ಆ ಚೀಲವನ್ನು ಬರಿದು ಮಾಡುತ್ತ, "ಕರೀದೆ ಹೋದರೆ ನಾಳೆ ಅಲ್ಲಿ ನಿನಗೆ ಎಂತ ಬೆಲೆ ಉಂಟು? ಬರ್ತಾರೆ, ತಡೆ" ಎಂದಳು. ಹೇಳುವಾಗ ಅಮ್ಮನಿಗೇ ನಂಬಿಕೆ ಇರಲಿಲ್ಲ. ಮದುವೆಯಾಗಿ ವರ್ಷ ತುಂಬದ ಮಗಳು ತವರಿನಲ್ಲಿ ಉಳಿದುಬಿಟ್ಟರೆ ಗತಿಯೇನೆಂದು ಆ ಕಾಲದಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮನೆಯಲ್ಲಿ ಮಿಶಿನಿನ ಸದ್ದೊಂದೇ.

ಇಂಥ ಹೊತ್ತಿನಲ್ಲೇ ನಮ್ಮ ವಾಸುದೇವ ಮಾಸ್ಟ್ರು ಇಂಗ್ಲಿಷ್ ಕ್ಲಾಸಿನಲ್ಲಿ ಕರಿಹಲಗೆಯ ಮೇಲೆ ಆ ಶಬ್ದ ಬರೆದದ್ದು. ಮಾಸ್ಟ್ರಿಗೆ ಕ್ರಿಯಾಪದಗಳೆಂದರೆ ಪ್ರಾಣ. ವಾರಕ್ಕೊಂದನ್ನು ಹಿಡಿದು ತಂದು ನಮ್ಮ ಮುಂದೆ ಬಿಡುತ್ತಿದ್ದರು. "ಇದರ ಅರ್ಥ ಇನ್ನೊಬ್ಬರಿಗೆ ಕಿರಿಕಿರಿ ಮಾಡುದು. ಒಬ್ಬೊಬ್ಬರು ಒಂದೊಂದು ವಾಕ್ಯ ಹೇಳಿ" ಎಂದರು. ಸುಳ್ಯದ ಕಡೆಯ ನನ್ನ ಗೆಳತಿ ಮೊದಲು ಎದ್ದು, ಸೊಳ್ಳೆ ನನ್ನನ್ನು ಟೀಸ್ ಮಾಡುತ್ತದೆ ಎಂಬರ್ಥದ ವಾಕ್ಯ ಹೇಳಿದಳು.

ಮಾಸ್ಟ್ರು ಕನ್ನಡಕ ತೆಗೆದರು. "ಸೊಳ್ಳೆಗೆ ನಿನ್ನ ಮೇಲೆ ಪ್ರೀತಿ ಉಂಟಾ?"

"ಇಲ್ಲ ಸರ್."

"ನೀನು ಸಿಟ್ಟು ಮಾಡಿದ್ದನ್ನು ನೋಡಿ ಅದಕ್ಕೆ ನಗೆ ಬರ್ತದಾ?"

"ಇಲ್ಲ ಸರ್."

"ಹಾಗಾದರೆ ಅದು ಟೀಸ್ ಅಲ್ಲ. ಬರೀ ಉಪದ್ರ. ಕೂತುಕೊ."

ಕ್ಲಾಸು ನಕ್ಕಿತು. ನನಗೆ ಮಾತ್ರ ನಗು ಬರಲಿಲ್ಲ. ಎದ್ದು ನಿಂತು, "ಸರ್, ಮಾಡಿದವನಿಗೆ ಪ್ರೀತಿ ಉಂಟೋ ಇಲ್ಲವೋ ಅಂತ ಆ ಮನುಷ್ಯನಿಗೆ ಗೊತ್ತಾಗುದು ಹೇಗೆ?" ಎಂದು ಕೇಳಿದೆ.

ಮಾಸ್ಟ್ರು ತೆಗೆದ ಕನ್ನಡಕವನ್ನು ಮತ್ತೆ ಹಾಕಿಕೊಂಡರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವ ಅಪರೂಪದ ಮನುಷ್ಯ ಅವರು. "ಅದು ಡಿಕ್ಷನರಿಯಲ್ಲಿ ಇಲ್ಲ ಮಾರಾಯ್ತಿ. ಮಾಡಿದವನನ್ನು ಕೇಳಿದರೆ ಪ್ರಯೋಜನ ಇಲ್ಲ. ಅವ ತಮಾಷೆಗೆ ಅಂತಲೇ ಹೇಳುದು. ಯಾರಿಗೆ ಮಾಡಿದ್ದೋ ಅವರಲ್ಲಿ ಕೇಳಬೇಕು" ಎಂದರು.

ಡಿಕ್ಷನರಿಯಲ್ಲಿ ಇಲ್ಲವೆಂದರೂ ನಾನು ಬಿಡಲಿಲ್ಲ. ಸಂಜೆ ಶಾಲೆಯ ಲೈಬ್ರರಿಯಲ್ಲಿ ಹುಡುಕಿದೆ. ಪೀಡಿಸು, ಸತಾಯಿಸು, ಚೇಷ್ಟೆ ಮಾಡು ಎಂದೆಲ್ಲ ಬರೆದು, ಕೆಳಗೆ ಉಣ್ಣೆಯನ್ನು ಎಳೆ ಎಳೆಯಾಗಿ ಬಿಡಿಸು ಎಂದೂ ಕೊಟ್ಟಿತ್ತು. ಟೈಲರನ ಮಗಳಿಗೆ ಇದು ದೊಡ್ಡ ಸಂಗತಿ. ಮನೆಗೆ ಬಂದು ಅಪ್ಪನಿಗೆ ಹೇಳಿದರೆ, "ಹೌದಾ? ಇಂಗ್ಲಿಷಿನವರಿಗೆ ಉಣ್ಣೆ ಬಿಡಿಸಿದರೂ ಕಿರಿಕಿರಿಯಾ?" ಎಂದು ಬಹಳ ದಿನಗಳ ಮೇಲೆ ನಕ್ಕರು. ಆ ನಗುವಿನ ಧೈರ್ಯದಲ್ಲಿ ನಾನು, "ಅಪ್ಪ, ಭಾವನ ಹತ್ತಿರ ಹೋಗಿ ಕೇಳುವನಾ, ಅವತ್ತು ಎಂತ ಆಯ್ತು ಅಂತ?" ಎಂದೆ.

"ನಾನು ಬರುದಿಲ್ಲ" ಎಂದ ಅಣ್ಣ, ನಾನು ಕರೆಯುವ ಮೊದಲೇ.

ಅಪ್ಪ ಕಾಲಿನಿಂದ ಮಿಶಿನು ನಿಲ್ಲಿಸಿದರು. "ನೀನೇ ಹೋಗುದು ಶೀನ. ಇವಳನ್ನೂ ಕರ್ಕೊಂಡು ಹೋಗು. ಅಂಗಿ ಸಹ ತಕ್ಕೊಂಡು ಹೋಗು."

ಆ ಅಂಗಿ ಹರಿವಾಣದಿಂದ ಪೆಟ್ಟಿಗೆಗೆ ಹೋಗಿತ್ತು. ಅಣ್ಣ ಅದನ್ನು ತೆಗೆದು ತೋಳಿನ ನೂಲನ್ನು ಎಳೆ ಎಳೆಯಾಗಿ ಬಿಚ್ಚಿದ. ಯಾರೂ ಹೇಳದಿದ್ದರೂ ಮತ್ತೊಮ್ಮೆ ಇಸ್ತ್ರಿ ಹಾಕಿದ.

ಆ ಕಾಲದ ಬಸ್ಸನ್ನು ಮುಂದಿನಿಂದ ಹ್ಯಾಂಡಲ್ ತಿರುಗಿಸಿ ಎಬ್ಬಿಸಬೇಕಿತ್ತು. ಎದ್ದ ಮೇಲೆ ಅದು ಮಾತ್ರವಲ್ಲ, ಒಳಗಿದ್ದವರೆಲ್ಲ ನಡುಗುವುದು. ಏರು ಬಂದಲ್ಲಿ ಗಂಡಸರು ಇಳಿದು ನಡೆಯುವರು. ಕಡಬ ತಲುಪುವಾಗ ನನ್ನ ಜಡೆ ಕೆಂಪು ಹಗ್ಗವಾಗಿತ್ತು. ಅಣ್ಣ ದಾರಿಯುದ್ದಕ್ಕೂ ಅಂಗಿಯ ಕಟ್ಟನ್ನು ಧೂಳು ತಾಗದ ಹಾಗೆ ಎದೆಗೆ ಹಿಡಿದುಕೊಂಡಿದ್ದ.

ಆಸ್ಪತ್ರೆಯ ಕಿಟಕಿಯಲ್ಲಿ ಭಾವ ಮಿಕ್ಸ್ಚರಿನ ಬಾಟಲಿಗೆ ಒಂದೊಂದು ಸಲ ಎಷ್ಟು ಕುಡಿಯಬೇಕೆಂಬ ಗುರುತಿನ ಕಾಗದ ಅಂಟಿಸುತ್ತ ಕೂತಿದ್ದರು. ನಮ್ಮನ್ನು ಕಂಡವರೇ ಬಾಟಲಿ ಕೆಳಗಿಟ್ಟು ಎದ್ದರು. ಮುಖ ಬೆಳ್ಳಗಾಗಿತ್ತು. "ಸರಸನಿಗೆ ಹುಷಾರಿಲ್ವಾ?" ಎಂಬುದು ಅವರ ಮೊದಲ ಮಾತು. ಹುಷಾರಿದ್ದಾಳೆ ಎಂದ ಮೇಲೇ, "ಬನ್ನಿ" ಎಂದದ್ದು.

ಹತ್ತಿರವೇ ಅವರ ಬಾಡಿಗೆಯ ಮನೆ. ಅಕ್ಕ ಡಬ್ಬದಲ್ಲಿ ನೆಟ್ಟಿದ್ದ ಮಲ್ಲಿಗೆ ಗಿಡಕ್ಕೆ ಅದೇ ಆಗ ನೀರು ಬಿದ್ದಿತ್ತು. ಭಾವ ಸೀಮೆಎಣ್ಣೆ ಒಲೆ ಹಚ್ಚಿ ಕಾಫಿ ಮಾಡಿ ಕೊಟ್ಟರು. ನಾವು ಕುಡಿದೆವು. ಅಣ್ಣನೋ ಬಾಯಿಗೆ ಹೊಲಿಗೆ ಹಾಕಿಸಿಕೊಂಡವನ ಹಾಗೆ ಕೂತಿದ್ದ. ಕೊನೆಗೆ ನಾನೇ ಕೇಳಿಬಿಟ್ಟೆ.

"ಭಾವ, ಅವತ್ತು ಅಂಗಿಯ ತೋಳು ಮುಚ್ಚಿದ್ದು ನಿಮಗೆ ಎಂತ ಅಂತ ಕಂಡಿತು? ಸಿಟ್ಟು ಬಂತಾ?"

"ಸಿಟ್ಟಾ? ಇಲ್ಲ." ಭಾವನಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. ಲೋಟ ಕೆಳಗಿಟ್ಟರು. ಆ ಮೇಲೆ ಅವರು ಮಾತಾಡಿದಷ್ಟನ್ನು ನಾನು ಅದಕ್ಕೆ ಮೊದಲು ಅವರ ಬಾಯಿಂದ ಒಟ್ಟಿಗೆ ಕೇಳಿರಲಿಲ್ಲ.

"ದೊಡ್ಡಪ್ಪನ ಮನೆಯಲ್ಲಿ ದೀಪಾವಳಿಗೆ ಮಕ್ಕಳಿಗೆಲ್ಲ ಹೊಸ ಅಂಗಿ. ನನ್ನ ಕೈಗೂ ಒಂದು ಕೊಡುವರು. ನಾನು ಹಾಕಿ ಹೊರಗೆ ಬಂದ ಕೂಡ್ಲೇ ದೊಡ್ಡಪ್ಪನ ಮಕ್ಕಳು ಸುತ್ತ ನಿಂತು ನಗುದು. ಅದು ನಿನಗಲ್ಲ, ಸುಮ್ಮನೆ ತಮಾಷೆಗೆ ಕೊಟ್ಟದ್ದು, ತೆಗಿ ಅಂತ. ತೆಗೆದು ಮಡಚಿ ಕೊಡಬೇಕು. ಗೆರೆ ತಪ್ಪಿದರೆ ಪೆಟ್ಟು. ಪ್ರತಿ ವರ್ಷ ಹಾಗೇ. ಗೊತ್ತಿದ್ದೂ ಪ್ರತಿ ವರ್ಷ ಹಾಕ್ತಿದ್ದೆ, ಈ ಸಲ ನಿಜ ಇರಬಹುದು ಅಂತ." ನಿಲ್ಲಿಸಿ, ಅಣ್ಣನ ಕಡೆ ತಿರುಗಿದರು. "ಅವತ್ತು ನೀವೆಲ್ಲ ನಗುವಾಗ ಇದೂ ಹಾಗೇ ಅಂತ ಎಣಿಸಿದೆ. ಅಂಗಿ ನನಗಲ್ಲ. ಅದಕ್ಕೆ ಮಡಚಿ ಕೊಟ್ಟೆ."

"ಮತ್ತೆ ಅಕ್ಕನನ್ನು ಕರ್ಕೊಂಡು ಹೋಗ್ಲಿಕ್ಕೆ ಯಾಕೆ ಬರ್ಲಿಲ್ಲ?"

"ಎರಡು ಸಲ ಬಸ್ಸಿನವರೆಗೆ ಬಂದೆ. ಹತ್ತಲಿಲ್ಲ." ಅವರ ಸ್ವರ ತೀರ ಸಣ್ಣದಾಯಿತು. "ಬಂದು ಕೇಳುವಾಗ, ಅವಳೂ ನಿನಗಲ್ಲ ಅಂತ ಎಲ್ಲರೂ ನಕ್ಕರೆ?"

ನನಗೆ ಅಳು ಬಂತು. ಈಗ ಬರೆಯುವಾಗಲೂ ಬರುತ್ತದೆ. ಎಷ್ಟು ಓದಿದ ಮೇಲೂ, ಎಷ್ಟು ಮಕ್ಕಳಿಗೆ ಆ ಕ್ರಿಯಾಪದವನ್ನು ಕಲಿಸಿದ ಮೇಲೂ, ಅದಕ್ಕೆ ಅಂದು ಕೇಳಿದಂಥ ವಿವರಣೆ ನನಗೆ ಎಲ್ಲೂ ಸಿಕ್ಕಿಲ್ಲ. ಅದೇ ನಗು, ಅದೇ ಅಂಗಿ, ಅದೇ ಹಬ್ಬ. ನಾವು ಒಳಗೆ ಕರೆದದ್ದು, ಅವರಿಗೆ ಹೊರಗೆ ಹಾಕಿದ ಹಾಗೆ ಕೇಳಿಸಿತ್ತು.

ಅಣ್ಣ ಎದ್ದು ಭಾವನ ಹತ್ತಿರ ಬಂದು ಕೂತ. ಆಮೇಲೆ ಕಟ್ಟು ಬಿಚ್ಚಿ ಅಂಗಿಯನ್ನು ಭಾವನ ಮಡಿಲಲ್ಲಿಟ್ಟ. "ಭಾವ, ನಾವು ಗಿರಾಕಿಗಳಿಗೆ ತೋಳಿನ ಬಾಯಿ ಬಿಟ್ಟೇ ಹೊಲಿಯುದು. ಹೊರಗಿನವರಿಗೆ ಅಷ್ಟು ನಯದ ಹೊಲಿಗೆ ಹಾಕಿ ತೋಳು ಮುಚ್ಚುವಷ್ಟು ಪುರುಸೊತ್ತು ಯಾರಿಗುಂಟು? ಅದು ಮನೆಯವರಿಗೆ ಮಾತ್ರ. ನಮ್ಮ ಅಪ್ಪನಿಗೆ ಈಶ್ವರಮಂಗಲದ ಮಾವ ಇದ್ದ ಹಾಗೆ, ನನಗೆ ನೀವು. ಇಷ್ಟೇ ವಿಷಯ."

ಭಾವ ಅಂಗಿಯ ತೋಳಿನ ತುದಿಯನ್ನು ಬೆರಳಿನಲ್ಲಿ ಸವರಿದರು. ನೂಲು ಬಿಚ್ಚಿದಲ್ಲಿ ಸೂಜಿಯ ತೂತುಗಳು ಸಾಲಾಗಿ ಇನ್ನೂ ಕಾಣುತ್ತಿದ್ದವು. ಅವನ್ನೇ ನೋಡುತ್ತ, "ಹಾಗಾದರೆ ಬಿಚ್ಚಿದ್ದು ಯಾಕೆ?" ಎಂದರು.

ಅಣ್ಣನಿಗೆ ಅರ್ಥವಾಗಲಿಲ್ಲ. ನನಗೂ ಇಲ್ಲ.

"ಮೊದಲಿದ್ದ ಹಾಗೇ ಹೊಲಿದು ಇಡಿ" ಎಂದರು ಭಾವ. "ಸೋಮವಾರ ಬರ್ತೇನೆ."

ಮನೆಗೆ ಬಂದು ನಾವು ಹೇಳಿದ್ದನ್ನು ಕೇಳಿ ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಸರಸಕ್ಕ ಬಾವಿಕಟ್ಟೆಗೆ ಹೋಗಿ, ಬೇಕಿಲ್ಲದಿದ್ದರೂ, ಕೊಡ ಕೊಡ ನೀರು ಸೇದಿದಳು. ಅಣ್ಣ ಅಂಗಿ ತೆಗೆದುಕೊಂಡು ಕೂತ. ಮೊದಲ ಸಲ ಹೊಲಿಯುವಾಗ ನಕ್ಕು ನಕ್ಕು ಹೊಲಿದಿದ್ದ. ಈ ಸಲ ಎರಡು ಸರ್ತಿ ಬಿಚ್ಚಿ ಮತ್ತೆ ಹೊಲಿದ.

ಸೋಮವಾರ ಸಂತೆಗೆ ಬಂದಿದ್ದ ಸೋದರಮಾವನೂ ಇದ್ದರು. ಕಡಬದ ಬಸ್ಸಿನಿಂದ ಇಳಿದು ಭಾವ ಬಂದರು. ಎಲ್ಲರೂ ಜಗಲಿಯಲ್ಲಿ ಎದ್ದು ನಿಂತೆವು, ಡಿಸ್ಟ್ರಿಕ್ಟ್ ಕಲೆಕ್ಟರು ಬಂದ ಹಾಗೆ. ಅಪ್ಪ ಹರಿವಾಣ ತಂದರು. ಭಾವ ಅಪ್ಪನ ಕಾಲಿಗೆ ಬಿದ್ದು ಎದ್ದರು, ಅಂಗಿ ಬಿಡಿಸಿದರು, ಒಂದು ಕೈ ಹಾಕಿದರು, ಇನ್ನೊಂದು ಕೈ ಹಾಕಿದರು. ಎರಡೂ ಹೊರಗೆ ಬರಲಿಲ್ಲ.

ಯಾರೂ ನಗಲಿಲ್ಲ. ಸೋದರಮಾವ ಬಾಯಲ್ಲಿದ್ದ ಎಲೆಅಡಿಕೆಯನ್ನು ಜಗಿಯುವುದು ನಿಲ್ಲಿಸಿದರು. ಹೊರಗೆ ಸಂತೆಯ ಗದ್ದಲ ಕೇಳುತ್ತಿತ್ತು.

ಭಾವ ಮುಚ್ಚಿದ ತೋಳುಗಳನ್ನು ಇಳಿಬಿಟ್ಟುಕೊಂಡು ನಮ್ಮೆಲ್ಲರ ಮುಖವನ್ನು ನೋಡಿದರು. "ಎಂತ ಮಾರಾಯ್ರೆ," ಎಂದರು, "ಯಾರೂ ನಗುದಿಲ್ವಾ?"

ಅಣ್ಣ ನಗಲು ಹೊರಟವನು ಗೋಡೆಯ ಕಡೆ ತಿರುಗಿ ನಿಂತ. ಆಗ ಬಾಗಿಲ ಹಿಂದಿನಿಂದ ಸರಸಕ್ಕ ಹೊರಗೆ ಬಂದಳು. ಹಿರಿಯರೆದುರು ಹೆಂಡತಿ ಗಂಡನ ಪಕ್ಕದಲ್ಲಿ ನಿಲ್ಲದ ಕಾಲ ಅದು. ಅವಳು ನೇರ ಹೋಗಿ ಭಾವನ ಬಲತೋಳಿನ ತುದಿ ಹಿಡಿದು, ಬಗ್ಗಿ, ನೂಲನ್ನು ಹಲ್ಲಿನಲ್ಲಿ ಕಡಿದು ಎಳೆದಳು. ಕೈ ಹೊರಗೆ ಬಂತು. ಇನ್ನೊಂದು ತೋಳಿಗೆ ಅವಳು ಕೈ ಚಾಚಿದಾಗ, ಭಾವ ಅದನ್ನು ತಟ್ಟನೆ ಬೆನ್ನ ಹಿಂದೆ ಅಡಗಿಸಿದರು.